ಅಕ್ಕನಿಗೊಂದು ಬಿಸಿನೀರಿನ ಟಬ್ಬು

ಮನುಷ್ಯನ ಬಾಳಿನಲ್ಲಿ ಅವನು ತಾನೇ ಮಾಡಿಕೊಳ್ಳಲಾಗದ ಸ್ನಾನಗಳು ಎರಡು. ಒಂದು ಹುಟ್ಟಿದಾಗಿನದು, ಇನ್ನೊಂದು ಹೋದಾಗಿನದು. ಇವೆರಡರ ನಡುವಿನ ಅಷ್ಟೂ ಸ್ನಾನಗಳು ಅವನ ಸ್ವಂತ ಹೊಣೆ. ಅವನ್ನು ಅವನು ಹೇಗೆ ನಿರ್ವಹಿಸಿದ ಎಂಬುದರಿಂದಲೇ ಅವನ ಯೋಗ್ಯತೆಯನ್ನು ಅಳೆಯಬೇಕು. ಇದನ್ನು ಬರೆಯುತ್ತಿರುವವನು ಈ ಹೊತ್ತು ಸ್ನಾನ ಮಾಡಿಲ್ಲ. ನಿನ್ನೆಯದರ ಬಗೆಗೂ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ.

ಈ ವಿಚಾರ ತಲೆಗೆ ಬಂದದ್ದು ಒಂದು ಕಾಗದದಿಂದ. ಅಡುಗೆಮನೆಯ ಕಪಾಟಿಗೆ ಹಾಸಲು ಹಳೆಯ ಪತ್ರಿಕೆ ಹುಡುಕುತ್ತಿದ್ದೆ. ನಿವೃತ್ತರಿಗೆ ಮನೆಯಲ್ಲಿ ಕೊಡುವ ಜವಾಬ್ದಾರಿಯ ಕೆಲಸಗಳಲ್ಲಿ ಇದೂ ಒಂದು. ರದ್ದಿಯ ನಡುವಿನಿಂದ ಒಂದು ನುಣುಪಾದ ಬಣ್ಣದ ಜಾಹೀರಾತು ಜಾರಿ ಬಿತ್ತು. ಅದರಲ್ಲಿ ಒಂದು ದೊಡ್ಡ ಬಿಳಿ ತೊಟ್ಟಿ, ತೊಟ್ಟಿಯ ತುಂಬ ನೊರೆ, ನೊರೆಯ ನಡುವೆ ಕುತ್ತಿಗೆಯವರೆಗೆ ಮುಳುಗಿ ನಗುತ್ತಿರುವ ಇಬ್ಬರು ಗಂಡಸರು ಮತ್ತು ಇಬ್ಬರು ಹೆಂಗಸರು. ಯಾರು ಯಾರ ಗಂಡ ಎಂದು ನೊರೆಯ ದೆಸೆಯಿಂದ ತಿಳಿಯುವುದಿಲ್ಲ. ಹೋದ ಚಳಿಗಾಲದಲ್ಲಿ ಈ ಕಾಗದವನ್ನು ನಾನು ಎಷ್ಟು ಸಲ ಓದಿದ್ದೆನೆಂದರೆ, ಆ ನಾಲ್ವರೂ ನಮ್ಮ ಚಿಕ್ಕೋಡಿಯ ಬಸವ ವೃತ್ತದಲ್ಲಿ ಎದುರಾದರೆ ಗುರುತು ಹಿಡಿದು ಮಾತಾಡಿಸುತ್ತಿದ್ದೆ.

ಕಾಗದ ತಂದುಕೊಟ್ಟವನು ಬಾಳು. ದಿಗ್ಗೇವಾಡಿಯಲ್ಲಿರುವ ನಮ್ಮ ಅಕ್ಕನ ಮಗ. ಪೂರ್ತಿ ಹೆಸರು ಬಾಳಾಸಾಹೇಬ; ಕೃಷ್ಣೆಯ ದಂಡೆಗೆ ಕಬ್ಬಿನ ಹೊಲ, ಎರಡು ಟ್ರ್ಯಾಕ್ಟರು, ಯಾವ ಸಂಗತಿಗೂ ಎದೆಗುಂದದ ಸ್ವಭಾವ. ಒಂದು ಬೆಳಿಗ್ಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಮಾತು ಬಿಟ್ಟ.

"ಮಾಮಾ, ಅವ್ವಗ ಒಂದ ಹಾಟ್ ಟಬ್ ತರಬೇಕಂತ ಮಾಡೇನಿ."

"ಅಂದ್ರ?"

"ಅದರೀ, ಬುಳು ಬುಳು ಅಂತ ಬಿಸಿನೀರ ಆಡತಿರತೈತಲ್ಲ, ಅದ್ರಾಗ ಕುಂದರೂದು. ಮಹಾಬಳೇಶ್ವರದಾಗ ನಾ ಕುಂತೇನಿ. ಮೈ ಅಂಬೂದು ಬೆಣ್ಣಿ ಆಗತೈತಿ. ನೀವು ಇಂಗ್ಲೀಷ ಓದಾವ್ರು. ಇದನ್ನ ಓದಿ ತಗೋಬೇಕೋ ಬ್ಯಾಡೋ ಹೇಳ್ರಿ."

ನಾನು ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಿಗಿಂತ ಸ್ವಲ್ಪ ಮೇಲಿನವನಾಗಿ ನಿವೃತ್ತನಾದವನು. ಮೂವತ್ತು ವರ್ಷ ನೀರಿನ ಬಗ್ಗೆ ಬರೆದಿದ್ದೇನೆ. ಆ ಬರವಣಿಗೆಯಿಂದ ಯಾವ ಕಾಲುವೆಗೂ ಒಂದು ತಂಬಿಗೆ ನೀರು ಹೆಚ್ಚು ಬಂದದ್ದಿಲ್ಲ. ಆದರೂ ನಮ್ಮ ಬಂಧುಗಳಲ್ಲಿ ನೀರಿಗೆ ಸಂಬಂಧಿಸಿದ ಯಾವುದೇ ಪ್ರಶ್ನೆ ಕೊನೆಗೆ ನನ್ನ ಮುಂದೆಯೇ ಬಂದು ನಿಲ್ಲುತ್ತದೆ. ಪರಿಶೀಲಿಸಿ ಹೇಳುತ್ತೇನೆ ಎಂದೆ.

ವಿಷಯ ನಗುವಂಥದ್ದಾಗಿರಲಿಲ್ಲ. ದೀಪಾವಳಿಗೆ ಮುಂಚೆ ಅಕ್ಕ ದನದ ಮನೆಯ ಹೊಸ್ತಿಲಲ್ಲಿ ಬಿದ್ದು ಟೊಂಕದ ಎಲುಬು ಮುರಿದುಕೊಂಡಿದ್ದಳು. ಮಿರಜಿನ ಆಸ್ಪತ್ರೆಗೆ ಒಯ್ದು ಎಲುಬಿಗೆ ಉಕ್ಕಿನ ಸಳಿ ಹಾಕಿಸಿ ತಂದರು. ಎಲುಬು ಕೂಡಿತು, ಅಕ್ಕ ಏಳಲಿಲ್ಲ. ನಿಲ್ಲಿಸಲು ಹೋದರೆ ನೋವಿಗೆ ಹೆದರಿ ಮೈ ಬಿಗಿಹಿಡಿಯುತ್ತಿದ್ದಳು. ಡಾಕ್ಟರು ಒಂದು ಗಡುವು ಹೇಳಿದ್ದರು: ಯುಗಾದಿಯೊಳಗೆ ಕಾಲು ಎತ್ತಿ ಇಡಲು ಶುರುಮಾಡದಿದ್ದರೆ ತೊಡೆಯ ಸ್ನಾಯು ಸೋತುಹೋಗುತ್ತದೆ, ಆಮೇಲೆ ನಡಿಗೆಯ ಆಸೆ ಬಿಡಿ. ವಾರಕ್ಕೊಮ್ಮೆ ವ್ಯಾಯಾಮ ಮಾಡಿಸಲು ಸಾಂಗಲಿ ಕಡೆಯ ಒಬ್ಬ ಹುಡುಗಿ ಬರುತ್ತಿದ್ದಳು. ಕನ್ನಡ ಬಾರದು, ನಗು ಬರುತ್ತಿತ್ತು. "ಪಾಣ್ಯಾತ್ ಶರೀರ್ ಹಲ್ಕ ಹೋತ, ಆಜಿ" ಎಂದು ಅವಳೇ ಹೇಳಿದ್ದು. ನೀರಿನಲ್ಲಿ ಮೈ ಹಗುರಾಗುತ್ತದಂತೆ. ಬೆಚ್ಚಗಿನ ನೀರಿನಲ್ಲಿ ಕೂರಿಸಿದರೆ ಕಾಲು ತಾನೇ ಏಳುತ್ತದಂತೆ.

ದಿಗ್ಗೇವಾಡಿಯಲ್ಲಿ ನೀರಿಗೆ ಬರವಿಲ್ಲ. ಮನೆಯಿಂದ ಕಣ್ಣಳತೆಯಲ್ಲಿ ಕೃಷ್ಣೆ ಹರಿಯುತ್ತಾಳೆ. ಆದರೆ ಮಾಘದ ಕೃಷ್ಣೆ ಬೆಚ್ಚಗಿರುವುದಿಲ್ಲ, ಮೇಲಾಗಿ ಅದರಲ್ಲಿ ಮೊಸಳೆಗಳಿವೆ. ಅವು ಕಾಲಿನ ವಿಷಯದಲ್ಲಿ ಆಸಕ್ತಿ ಉಳ್ಳವಾದರೂ ಚಿಕಿತ್ಸೆಯ ದೃಷ್ಟಿಯಿಂದ ಅಲ್ಲ.

ಬಿಸಿನೀರು ಎಂದ ಕೂಡಲೆ ನನ್ನ ಕಣ್ಣುಗಳು ಉರಿಯತೊಡಗುತ್ತವೆ. ಇದು ಅಕ್ಕ ಕೊಟ್ಟ ರೋಗ. ನಮ್ಮದು ಅಲಖನೂರಿನ ಮನೆ. ನಮ್ಮ ಅವ್ವ ಬಹಳ ದಿನ ಬದುಕಲಿಲ್ಲ. ನನ್ನನ್ನು ಮೀಯಿಸಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಬಚ್ಚಲಿನ ಒಲೆಯ ಮೇಲೆ ಕೂತ ತಾಮ್ರದ ಹಂಡೆ, ಹೊರಗೆ ಅಮಾವಾಸ್ಯೆಯಂಥ ಮಸಿ, ಒಳಗೆ ಕೈ ಅದ್ದಿದರೆ ಚರ್ಮ ಬಿಟ್ಟುಕೊಡಬೇಕಾದ ನೀರು. ಅಕ್ಕ ಸೀರೆಯ ಕಚ್ಚೆ ಮೇಲೆ ಕಟ್ಟಿ, ನನ್ನ ರಟ್ಟೆ ಹಿಡಿದು ಕಲ್ಲಿನ ಮೇಲೆ ಕುಕ್ಕುತ್ತಿದ್ದಳು. "ಕಣ್ಣ ಮುಚ್ಚು" ಎನ್ನುವುದು ಮತ್ತು ಸೀಗೆಪುಡಿ ಕಣ್ಣಿಗೆ ಬೀಳುವುದು ಒಂದೇ ಗಳಿಗೆಯಲ್ಲಿ ನಡೆಯುತ್ತಿದ್ದವು. ನಾನು ಬೊಬ್ಬೆ ಹೊಡೆದರೆ, "ಯಾಕ ಒದರತೀಲೇ, ನಿನ್ನ ಕೊಲ್ಲಾಕತ್ತೇನೇನು?" ಎಂದು ಕೇಳುತ್ತಿದ್ದಳು. ನನಗೆ ಆ ಪ್ರಶ್ನೆಗೆ ಖಚಿತ ಉತ್ತರ ಗೊತ್ತಿರಲಿಲ್ಲ. ಕಲ್ಲಿನಿಂದ ಬೆನ್ನು ಎಂಥಾ ತಿಕ್ಕು ತಿಕ್ಕುತ್ತಿದ್ದಳೆಂದರೆ, ನಾನು ಇವತ್ತಿಗೂ ಮೈ ತುಂಬಿಕೊಳ್ಳದಿರುವುದಕ್ಕೆ ಕಾರಣ ಅಂದು ಬಚ್ಚಲಿನಲ್ಲಿ ಹರಿದುಹೋದ ಮಾಂಸವೇ ಎಂದು ನಂಬಿದ್ದೇನೆ.

ಹಂಡೆಯ ನೀರಿಗೆ ಒಂದು ಕ್ರಮವಿತ್ತು. ಮೊದಲ ನೀರು ಅಪ್ಪನಿಗೆ. ಆಮೇಲೆ ಮನೆಗೆ ಬಂದ ಬೀಗರಿದ್ದರೆ ಅವರಿಗೆ. ಆಮೇಲೆ ಗಂಡುಮಕ್ಕಳು, ಅಂದರೆ ನಾನು. ಒಬ್ಬೊಬ್ಬರಾದ ಹಾಗೆ ತೆಗೆದಷ್ಟು ತಣ್ಣೀರನ್ನು ಹಂಡೆಗೆ ಮರಳಿ ಸುರಿಯುತ್ತಿದ್ದರು; ಕೊನೆಗೆ ಒಲೆ ಆರಿ, ಉಗುರುಬೆಚ್ಚಗೂ ಅಲ್ಲದ ಒಂದು ದ್ರವ ಉಳಿಯುತ್ತಿತ್ತು. ಅಕ್ಕನ ಸ್ನಾನ ಅದರಲ್ಲಿ. ಹೊಗೆಯಾಡುವ ನೀರು ಅವಳ ಮೈಮೇಲೆ ಬಿದ್ದದ್ದನ್ನು ನಾನು ಹುಡುಗನಿದ್ದಾಗ ಕಂಡ ನೆನಪಿಲ್ಲ. ಮದುವೆಯಾಗಿ ದಿಗ್ಗೇವಾಡಿಗೆ ಹೋದಳು. ಅಲ್ಲಿ ಹಂಡೆ ಇನ್ನೂ ದೊಡ್ಡದು, ಸರದಿ ಇನ್ನೂ ಉದ್ದ. ಇರಲಿ.

ಪರಿಶೀಲನೆಯ ಮೊದಲ ಹಂತವಾಗಿ ದಿಗ್ಗೇವಾಡಿಯ ಪಡಸಾಲೆಯಲ್ಲಿ ಸಭೆ ಸೇರಿತು. ಬಾಳು, ಅವನ ಹೆಂಡತಿ ಸುರೇಖಾ, ನಾನು. ಅಕ್ಕ ಒಳಕೋಣೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಾಗಿಲು ತೆರೆದೇ ಇತ್ತು. ಸುರೇಖಾ ಕಡಿಮೆ ಮಾತಿನವಳು, ಆದರೆ ಆಡಿದ್ದನ್ನು ತಿರುಗಿ ಆಡಬೇಕಾಗಿ ಬರುತ್ತಿರಲಿಲ್ಲ.

"ಇದು ಕಾಯಾಕ ತ್ರೀ ಫೇಸ್ ಬೇಕಂತ ಬರದಾರೇನ್ರಿ ಮಾಮಾ?"

ಬರೆದಿದ್ದಾರೆ ಎಂದೆ.

"ನಮ್ಮ ಹೊಲಕ್ಕ ತ್ರೀ ಫೇಸ್ ಈ ವಾರ ನಡರಾತ್ರ್ಯಾಗ ಕೊಡಾಕತ್ತಾರ. ಅತ್ತಿನ್ನ ಆವಾಗ ಎಬ್ಬಿಸಿ ನೀರಾಗ ಕುಂದರಸೂದೇನು?"

"ಜನರೇಟರ್ ತರತೇನಿ" ಎಂದ ಬಾಳು.

"ಹೂಂ, ತರ್ರಿ. ಅದರ ಮಗ್ಗಲಕ್ಕ ನೀವು ಕುಂದರ್ರಿ."

ಐಗಳಿಯಲ್ಲಿ ದ್ರಾಕ್ಷಿ ಬೆಳೆಯುವ ಸುರೇಖಾಳ ಅಣ್ಣ ಫೋನಿನಲ್ಲಿಯೇ ಸಭೆಗೆ ಹಾಜರಾಗಿ, ಮಣೂಕ, ಎಂದರೆ ಒಣದ್ರಾಕ್ಷಿ, ಮಾಡುವ ಮುನ್ನ ಹಣ್ಣು ಅದ್ದುವ ಪ್ಲಾಸ್ಟಿಕ್ ಟಬ್ಬುಗಳು ತಮ್ಮಲ್ಲಿ ಬೇಕಾದಷ್ಟು ಬಿದ್ದಿವೆ, ಒಯ್ಯಿರಿ ಎಂದ. ಆ ಟಬ್ಬಿನಲ್ಲಿ ಅದ್ದಿ ತೆಗೆದ ದ್ರಾಕ್ಷಿ ಕೆಲವೇ ದಿನಗಳಲ್ಲಿ ಸುಕ್ಕುಗಟ್ಟುತ್ತದೆ. ಅಕ್ಕನಿಗೆ ಆ ಸೌಕರ್ಯ ಬೇಕಾಗಿರಲಿಲ್ಲ.

ಒಳಗಿನಿಂದ ಅಕ್ಕನ ದನಿ ಬಂತು. "ಸತ್ತ ಮ್ಯಾಲ ಯಮ ಕೊಪ್ಪರಿಗ್ಯಾಗ ಹಾಕಿ ಕುದಸ್ತಾನಂತ. ಇವ್ರಿಗೆ ಅಲ್ಲೀಮಟ ತಡ್ಯಾಕ ದಮ್ಮಿಲ್ಲ."

ಸಭೆ ಯಾವ ನಿರ್ಣಯಕ್ಕೂ ಬಾರದೆ ಚಹಾಕ್ಕೆ ತಿರುಗಿತು.

ಎರಡನೆಯ ಹಂತ, ಸ್ಥಳ ಪರಿಶೀಲನೆ. ಬಾಳು ನನ್ನನ್ನು ನಿಪ್ಪಾಣಿಯ ಮೇಲೆ ಹಾಯ್ದು ಕೊಲ್ಲಾಪುರಕ್ಕೆ ಒಯ್ದ. ಅಂಗಡಿ ಆಸ್ಪತ್ರೆಯಷ್ಟು ತಣ್ಣಗಿತ್ತು, ಆಸ್ಪತ್ರೆಗಿಂತ ಚೊಕ್ಕಟವಿತ್ತು. ಕೊರಳಿಗೆ ಟೈ ಕಟ್ಟಿದ ಒಬ್ಬ ತರುಣ ನಮ್ಮ ಮಾತು ಕೇಳಿ ಕನ್ನಡಕ್ಕೆ ಹೊರಳಿದ.

"ಆರ ಮಂದಿ ಆರಾಮ ಕುಂದರ್ತಾರ್ರಿ ಸರ್."

"ಒಂದ ನೀರಾಗ?" ಎಂದೆ.

"ಹೌದ್ರಿ. ಫಿಲ್ಟರ್ ಐತ್ರಿ."

"ಮುಂದ ಆ ನೀರ ಎಲ್ಲಿ ಹೋಗತೈತಿ?"

"ಎಲ್ಲೂ ಹೋಗಂಗಿಲ್ರಿ. ಮೂರ ತಿಂಗಳ ಅದ ನೀರ."

ಬಾಳು ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಕಡೆ ಮೈಮೇಲೆ ಬಿದ್ದ ನೀರು ಹರಿದು ಹಿತ್ತಲಿನ ಬಾಳೆಯ ಬುಡಕ್ಕೆ ಹೋಗಬೇಕು. ನಿಂತ ನೀರಿನಲ್ಲಿ ಕೂರುವುದು, ಒಬ್ಬರು ಕೂತದ್ದರಲ್ಲಿ ಇನ್ನೊಬ್ಬರು ಕೂರುವುದು, ಇದಕ್ಕೆ ನಮ್ಮಲ್ಲಿ ಎಮ್ಮೆಗಳಿವೆ. ಆದರೆ ಕಾಲು ಏಳುವುದಿದ್ದರೆ ಎಮ್ಮೆಯಾದರೇನು ಎಂದು ಮನಸ್ಸು ಗಟ್ಟಿಮಾಡಿಕೊಂಡೆ. ಬೆಲೆ ಕೇಳಿದ ಬಾಳು ಅಂಗಡಿಯವರ ನೀರನ್ನು ಎರಡು ಗ್ಲಾಸು ಕುಡಿದ. ಅಷ್ಟರಲ್ಲಿ ನಾನು, ವಸ್ತುವನ್ನು ಖುದ್ದಾಗಿ ತಪಾಸಣೆ ಮಾಡದೆ ಸಹಿ ಹಾಕಬಾರದೆಂಬ ಹಳೆಯ ರೂಢಿಯಂತೆ, ಧೋತರ ಎತ್ತಿಕಟ್ಟಿ ಮೂರು ಮೆಟ್ಟಿಲು ಹತ್ತಿ, ಎದೆಮಟ್ಟದ ಗೋಡೆ ದಾಟಿ ಖಾಲಿ ಟಬ್ಬಿನೊಳಗೆ ಇಳಿದು ಕೂತೆ. ಸುಖವಾಗಿತ್ತು. ಏಳಲು ಹೋದರೆ ಆಗಲಿಲ್ಲ. ತಳ ನುಣುಪು, ಹಿಡಿಯಲು ಏನೂ ಇಲ್ಲ. ಬಾಳು ಒಂದು ರಟ್ಟೆ, ಟೈ ಕಟ್ಟಿದವನು ಇನ್ನೊಂದು ರಟ್ಟೆ ಹಿಡಿದು ನನ್ನನ್ನು ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ಮೇಲಕ್ಕೆ ತೆಗೆದರು.

ಮೇಲೆ ಬಂದ ಮೇಲೆ, ಅಷ್ಟು ಸಲ ಜಾಹೀರಾತು ಓದಿದರೂ ಹೊಳೆಯದ ಒಂದು ಮಾತು ಹೊಳೆಯಿತು. "ಅಲ್ಲಪಾ, ನಮ್ಮ ಪೇಶಂಟಿಗೆ ಕಾಲ ಎತ್ತಾಕ ಬರಂಗಿಲ್ಲ. ಅದ ಬರಲಿ ಅಂತನ ಇದು. ಒಳಗ ಹೋಗೂದ ಹೆಂಗ?"

ತರುಣ ಬಹಳ ಮರ್ಯಾದೆಯಿಂದ ಯೋಚಿಸಿದ. "ಮೊದಲ ಸ್ವಲ್ಪ ದಿನ ಮನ್ಯಾಗ ಕಾಲ ಎತ್ತೂದು ಪ್ರಾಕ್ಟೀಸ್ ಮಾಡಸ್ರಿ ಸರ್. ಆಮ್ಯಾಲ ಟಬ್ ಒಯ್ರಿ."

ಅಂಗಡಿಯಿಂದ ಬರಿಗೈಲಿ ತಿರುಗಿದೆವು. ಚಿಕ್ಕೋಡಿ ಹತ್ತಿರವಾದಾಗ ನನಗೊಂದು ಉಪಾಯ ಹೊಳೆಯಿತು, ಅದನ್ನು ನನ್ನಲ್ಲಿಯೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. "ತಗೊಳ್ಳೂದು ಬಿಡೂದು ಆಮ್ಯಾಗಿನ ಮಾತು. ನೀರಾಗ ಕುಂತರ ಕಾಲ ಏಳತೈತೋ ಇಲ್ಲೋ, ಮೊದಲ ನೋಡೂಣು. ನಿಮ್ಮ ಗಾಣದ ಕೊಪ್ಪರಿಗಿ ಇನ್ನೂ ಐತೇನು?"

ಬಾಳು ಗಾಡಿಯನ್ನೇ ನಿಲ್ಲಿಸಿ ನನ್ನನ್ನು ಮೆಚ್ಚುಗೆಯಿಂದ ನೋಡಿದ.

ಅಕ್ಕನ ಮನೆ ಒಂದು ಕಾಲಕ್ಕೆ ಗಾಣದ ಮನೆ. ಭಾವ ಇದ್ದಾಗ ಹಿತ್ತಲಿನ ಚಪ್ಪರದಲ್ಲಿ ಕಬ್ಬು ಅರೆದು ಬೆಲ್ಲ ತೆಗೆಯುತ್ತಿದ್ದರು. ಕಬ್ಬೆಲ್ಲ ಸಕ್ಕರೆ ಕಾರ್ಖಾನೆಗೆ ಹೋಗತೊಡಗಿದ ಮೇಲೆ ಗಾಣ ನಿಂತಿತು, ಭಾವನೂ ಹೋದ. ಕಬ್ಬಿನ ಹಾಲು ಕುದಿಸುವ ಆ ಅಗಲವಾದ ಕೊಪ್ಪರಿಗೆ ಮಾತ್ರ ನೆಲದೊಳಗಿನ ಒಲೆಯ ಮೇಲೆ ಹಾಗೆಯೇ ಕೂತಿತ್ತು. ಅದರ ಅಂಚು ನೆಲದ ಮಟ್ಟಕ್ಕೇ ಇತ್ತು. ಹತ್ತುವ ಮಾತಿಲ್ಲ, ಎತ್ತಿ ಇಳಿಸಿದರಾಯಿತು. ಆರು ಮಂದಿ ಸರಾಗವಾಗಿ ಕೂರಬಹುದಿತ್ತು, ಜಾಹೀರಾತಿನ ನಾಲ್ವರೂ ಸೇರಿದಂತೆ.

ಅಕ್ಕ ಒಪ್ಪಿದ್ದು ಆಶ್ಚರ್ಯ. ಟಬ್ಬು ಅಂದಾಗ ಗೋಡೆಗೆ ತಿರುಗುತ್ತಿದ್ದವಳು ಕೊಪ್ಪರಿಗೆ ಅಂದಾಗ ಇತ್ತ ಹೊರಳಿದಳು. "ಅದನ್ನ ತಿಕ್ಕಾಕ ಹುಣಸಿಹಣ್ಣ ಹಚ್ರಿ, ಇಲ್ಲಾಂದ್ರ ಕಿಲುಬು ಬಿಡಂಗಿಲ್ಲ" ಎಂದಳು. ಅಷ್ಟು ಉದ್ದನೆಯ ಮಾತು ಆಡಿ ಎಷ್ಟೋ ದಿನವಾಗಿತ್ತು.

ಹುಣಸೆ ಹಚ್ಚಿ ತಿಕ್ಕಿದರು. ನೀರು ತುಂಬಿದರು. ಬಾಳು ರವದಿ, ಎಂದರೆ ಹೊಲದಲ್ಲಿ ಬಿದ್ದ ಕಬ್ಬಿನ ಒಣಗರಿ, ಒಲೆಗೆ ತುರುಕಿ ಬೆಂಕಿ ಹಚ್ಚಿದ. ಬಹಳ ವರ್ಷ ಮುಚ್ಚಿಕೊಂಡಿದ್ದ ಚಿಮಣಿ ಮೊದಲು ಕೆಮ್ಮಿತು, ಆಮೇಲೆ ದಟ್ಟವಾಗಿ ಹೊಗೆ ಬಿಟ್ಟಿತು. ಚಪ್ಪರಕ್ಕೆ ಗೋಡೆಗಳಿರಲಿಲ್ಲ, ಓಣಿಯ ಕಡೆಯದೂ ಸೇರಿ ಮೂರು ಮಗ್ಗುಲಿಗೆ ತಾಡಪತ್ರಿ ಕಟ್ಟಿದೆವು. ಹೊಲದ ಕಡೆಗೆ ತಾಡಪತ್ರಿ ಸಾಲಲಿಲ್ಲ. ಆ ಕಡೆಯಿಂದ ಯಾರು ಬರುತ್ತಾರೆ ಎಂದು ನಾನೇ ಹೇಳಿದೆ. ನೀರು ಹದವಾಗಿ ಬೆಚ್ಚಗಾದ ಮೇಲೆ ಬೆಂಕಿ ಎಳೆದು ಆರಿಸಿ, ತಳಕ್ಕೊಂದು ಹಲಗೆ ಹಾಕಿ, ಸೀರೆ ಉಟ್ಟ ಹಾಗೆಯೇ ಅಕ್ಕನನ್ನು ಎತ್ತಿ ಇಳಿಸಿದೆವು. ನೀರು ಅವಳ ಎದೆಯವರೆಗೆ ಬಂತು. ಹೊಗೆಯಾಡುವ ನೀರು.

ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತಳು. ಮುಖದ ಬಿಗಿ ಒಂದೊಂದೇ ಗಂಟು ಬಿಚ್ಚಿದಂತೆ ಸಡಿಲವಾಯಿತು. ವ್ಯಾಯಾಮದ ಹುಡುಗಿ ದಂಡೆಯಲ್ಲಿ ಕೂತು ಮರಾಠಿಯಲ್ಲಿ ಏನೋ ಹೇಳುತ್ತಿದ್ದಳು. ಆಗ ನೀರು ಅಲುಗಿತು. ಆಪರೇಶನ್ ಆದ ಬಲಗಾಲಿನ ಬೆರಳುಗಳು ಮೇಲೆ ಬಂದವು. ಹಿಂದೆಯೇ ಪಾದ, ಪಾದದ ಹಿಂದೆ ಹರಡಿನ ಗಂಟು.

"ಸುರೇಖಾ, ಕಾಲ ಎದ್ದತ್ ನೋಡವಾ" ಎಂದಳು ಅಕ್ಕ, ಬೇರೆ ಯಾರದೋ ಕಾಲಿನ ಬಗ್ಗೆ ಹೇಳುವ ಹಾಗೆ.

ಬಾಳು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ. ಹೊಗೆ ಇತ್ತು ಎಂದು ಆಮೇಲೆ ಹೇಳಿದ.

ಹೊಗೆ ಇತ್ತು. ಅದನ್ನೇ ನಾವು ಮರೆತಿದ್ದೆವು. ಗಾಣದ ಚಿಮಣಿ ಹೊಗೆ ಬಿಟ್ಟಿತೆಂದರೆ ನಮ್ಮ ಕಡೆ ಅದು ಊರಿಗೆಲ್ಲ ಕರೆ. ಯಾರೂ ಹೇಳಿಕಳಿಸಬೇಕಿಲ್ಲ, ಯಾರೂ ಕೇಳಬೇಕಿಲ್ಲ. ತಂಬಿಗೆ ತಂದವರಿಗೆ ಕಬ್ಬಿನ ಹಾಲು, ಬರಿಗೈಲಿ ಬಂದವರಿಗೆ ಬಿಸಿ ಬೆಲ್ಲ. ಗಾಣದಿಂದ ಯಾರನ್ನೂ ಹಾಗೆಯೇ ಕಳಿಸುವುದಿಲ್ಲ. ಇದು ಬಾಳುವಿಗೆ ಗೊತ್ತು, ಸುರೇಖಾಳಿಗೆ ಗೊತ್ತು, ನನಗೆ ಗೊತ್ತು. ನೀರು ಕಾಯಿಸುವ ಬೆಂಕಿಯೂ ಅದೇ ಚಿಮಣಿಯಿಂದ ಹೋಗುತ್ತದೆ ಎಂಬುದು ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ.

ಅವರು ಹೊಲದ ಹಾದಿಯಿಂದ ಬಂದರು. ಕಬ್ಬಿನಲ್ಲಿ ಕೆಲಸಕ್ಕಿದ್ದವರು, ಕುರಿ ಕಾಯುವವರು, ಸೊಂಟದ ಮೇಲೆ ಮಕ್ಕಳನ್ನು ಹೊತ್ತವರು. ಕೈಯಲ್ಲಿ ತಂಬಿಗೆ, ಚರಿಗೆ, ಡಬ್ಬಿ. ಕೆಲವರ ಮಡಿಲಲ್ಲಿ ಬೆಲ್ಲದ ಜೊತೆ ತಿನ್ನಲು ಶೇಂಗಾ. ಮುಂದೆ ಕಾಶವ್ವ, ಅಕ್ಕನ ಓರಗೆಯವಳು, ಕೋಲೂರಿಕೊಂಡು. ತೆರೆದ ಮಗ್ಗುಲಿಗೆ ಬಂದು ಎಲ್ಲರೂ ನಿಂತುಬಿಟ್ಟರು. ಯಾರೂ ನಗಲಿಲ್ಲ. ನಕ್ಕಿದ್ದರೆ ನಮಗೆ ಸುಲಭವಾಗುತ್ತಿತ್ತು.

ಸುರೇಖಾ ಟಾವೆಲು ಹಿಡಿದು ಅಡ್ಡ ನಿಂತಳು. ಅಕ್ಕ ಕೈಯಿಂದ ಅವಳನ್ನು ಸರಿಸಿ, ತಲೆಯ ಮೇಲೆ ಒದ್ದೆ ಸೆರಗು ಎಳೆದುಕೊಂಡಳು.

"ಬಾ ಕಾಶವ್ವ. ಯಾಕ ನಿಂತಿ?"

"ಹೊಗಿ ಕಂಡ್ತವಾ" ಎಂದಳು ಕಾಶವ್ವ. "ಗಾಣ ಹೂಡ್ಯಾರ ಅಂದ್ಕೊಂಡ್ವಿ."

"ಹೂಡಿಲ್ಲವಾ. ನಾ ಕುಂತೇನಿ."

"ಕುಂದರವಾ, ಕುಂದರ. ಕಾಲಿಗೆ ಬೇಷ್ ಆಗತೈತಿ. ನಾವ ಹೋಗತೇವಿ."

"ನಿಂದರ. ಸುರೇಖಾ, ಮನ್ಯಾಗಿಂದು ಬೆಲ್ಲ ತಾ. ತಂಬಗಿ ತಂದವ್ರು ಬರೇ ತಂಬಗಿ ಒಯ್ಯಬಾರದು."

ಸುರೇಖಾ ಓಡಿದಳು. ಮನೆಯಲ್ಲಿದ್ದದ್ದು ರಾಯಬಾಗದ ಅಂಗಡಿಯಿಂದ ತಂದ ಬೆಲ್ಲ, ಹೋಳಿಗೆಗೆಂದು ಇಟ್ಟಿದ್ದ ಒಂದು ಅಚ್ಚು. ಒಡೆದು ಹಂಚತೊಡಗಿದಳು. ಅರ್ಧ ಮಂದಿಗೂ ಮುಟ್ಟಲಿಲ್ಲ. ಹೊಗೆ ಕಂಡವರು ಇನ್ನೂ ಬರುತ್ತಲೇ ಇದ್ದರು. ಆಗ ಬಾಳು ಒಳಗೆ ಹೋಗಿ, ಕಾರ್ಖಾನೆಯವರು ಸದಸ್ಯರಿಗೆ ಕೊಡುವ ಸಕ್ಕರೆಯ ಚೀಲ ಹೊತ್ತು ತಂದ. ಉಳಿದವರ ತಂಬಿಗೆಗಳಿಗೆ ಅದನ್ನೇ ಹಾಕಿದರು, ಹಿಡಿ ಹಿಡಿ. ಅವರೂ ಮರ್ಯಾದೆಗೆ ಬೇಡವೆನ್ನದೆ ಒಡ್ಡಿದರು. ಗಾಣದ ಒಲೆಯ ಮುಂದೆ ನಿಂತು ಸಕ್ಕರೆ ಹಂಚುವುದನ್ನು ಅಕ್ಕ ಕೊಪ್ಪರಿಗೆಯೊಳಗೆ ಕೂತು ನೋಡಿದಳು. ನೀರು ಆರುತ್ತ ಬಂತು. ಅವಳ ತುಟಿ ನಡುಗುತ್ತಿದ್ದರೂ, ಮಂದಿ ಇರುವವರೆಗೆ ಎತ್ತಲು ಬಿಡಲಿಲ್ಲ. ಕೊನೆಯ ತಂಬಿಗೆ ಹೋದ ಮೇಲೆ ಎತ್ತಿದೆವು.

ನಾವೆಲ್ಲ ಅದನ್ನು ಒಂದು ಬಗೆಯ ಗೆಲುವೆಂದೇ ಲೆಕ್ಕ ಹಾಕಿದ್ದೆವು. ಕಾಲು ಎದ್ದದ್ದು ಎದ್ದದ್ದೇ. ಹುಡುಗಿ, ದಿನಾ ಕೂರಿಸಿದರೆ ಯುಗಾದಿಗೆ ಕೋಲು ಹಿಡಿದು ನಡೆಯುತ್ತಾರೆ ಎಂದಳು. ಬಾಳು ಹುರುಪಿನಿಂದ ಹುಡುಕಾಡಿ, ಮಗ್ಗುಲಿಗೆ ಬಾಗಿಲಿರುವ ಟಬ್ಬನ್ನು ಪತ್ತೆಹಚ್ಚಿದ. ಕಾಲು ಎತ್ತಬೇಕಿಲ್ಲ, ಕುರ್ಚಿಯಿಂದ ಸರಿದು ಒಳಗೆ ಕೂರಬಹುದು. ಕರೆಂಟಿಗೂ ದಾರಿ ಮಾಡಿದ. ಸುರೇಖಾ ಕೂಡ ಒಪ್ಪಿದಳು. ನಾನು ಪರಿಶೀಲಿಸಿ, ಕೊಳ್ಳಲು ಯೋಗ್ಯವೆಂದು ಅಭಿಪ್ರಾಯ ಕೊಟ್ಟೆ. ನನ್ನ ಅಭಿಪ್ರಾಯದಂತೆ ಎಲ್ಲರೂ ನಡೆಯಲು ಸಿದ್ಧರಾಗಿದ್ದ ಪ್ರಸಂಗ ನನ್ನ ಬಾಳಿನಲ್ಲಿ ಅದೊಂದೇ. ಇನ್ನು ಅಕ್ಕನಿಗೆ ಹೇಳುವುದಷ್ಟೇ ಉಳಿದಿತ್ತು. ಅದನ್ನೂ ನನಗೇ ವಹಿಸಿದರು.

ಮಂಚದ ಹತ್ತಿರ ಕೂತೆ. "ಅಕ್ಕಾ, ಇದಕ್ಕ ಬೆಂಕಿ ಇಲ್ಲ, ಹೊಗಿ ಇಲ್ಲ. ಕೋಣ್ಯಾಗ ಇಡತೇವಿ, ಬಾಗಲಾ ಹಾಕ್ಕೋಬೌದು. ಒಂದು ನರಪಿಳ್ಳಿ ಬರಂಗಿಲ್ಲ."

ಅವಳು ಗೋಡೆ ನೋಡುತ್ತಲೇ ಇದ್ದಳು. "ನನಗ ಬ್ಯಾಡ. ಮಂದಿ ನೋಡಿದ್ರಂತ ನಾಚಿದೆ ಅಂದ್ಕೊಂಡಿಯೇನು? ನನ್ನ ಮೈಯಾಗ ನೋಡೂದು ಏನ ಉಳದೈತಿ?"

"ಮತ್ತ?"

"ಆ ಒಲಿ ಹೊತ್ತಿದಾಗೆಲ್ಲ ಊರ ತಿಂದ ಹೋಗೈತಿ ತಮ್ಮಾ. ಮೊನ್ನೆ ನಾ ಒಬ್ಬಾಕಿ ಉಂಡೆ. ಮಂದೀಗೆ ಸಕ್ರಿ ಹಾಕಿದ್ರಿ."

"ಅದು ಒಲಿ ಮಾತು. ಟಬ್ಬಿಗೂ ಅದಕ್ಕೂ ಏನ ಸಂಬಂಧ?"

"ನನಗ ಐತಿ. ಬಿಸಿನೀರಾಗ ಕುಂತ್ರ ಅವರ ಬರೇ ತಂಬಗಿ ಕಣ್ಮುಂದ ಕಾಣತಾವು. ಸಾಕ ಬಿಡು."

ನಾನು ಕಚೇರಿಯಲ್ಲಿ ಕಲಿತ ವಾದಗಳನ್ನೆಲ್ಲ ಮಂಡಿಸಿದೆ. ಡಾಕ್ಟರ ಮಾತು ಹೇಳಿದೆ, ಗಡುವು ಹೇಳಿದೆ. ಬೈದೆ. ಕೊನೆಗೆ ಕಾಲು ಹಿಡಿದೆ, ಎದ್ದಿದ್ದ ಆ ಕಾಲನ್ನೇ. ತಣ್ಣಗಿತ್ತು. "ಊಟಾ ಮಾಡಿ ಹೋಗು, ಹೊತ್ತಾಗೇತಿ" ಎಂದಳು. ನಾಲ್ಕು ಸಲ ಚಿಕ್ಕೋಡಿಯಿಂದ ಹೋಗಿ ಇದೇ ಮಾತು ಕೇಳಿ ಉಂಡು ಬಂದೆ. ಬಾಳು ಅತ್ತ, ಸುರೇಖಾ ಉಪವಾಸ ಕೂತಳು, ಕಾಶವ್ವ ಕೋಲೂರಿಕೊಂಡು ಬಂದು ತನಗೇನೂ ಬೇಸರವಿಲ್ಲವೆಂದೂ ಸಕ್ಕರೆ ಚಹಾಕ್ಕೆ ಬಂತೆಂದೂ ಹೇಳಿ ಹೋದಳು. ಹುಡುಗಿ ಹಾಸಿಗೆಯಲ್ಲಿಯೇ ವ್ಯಾಯಾಮ ಮಾಡಿಸಿ ನೋಡಿದಳು. ನೋವಿಗೆ ಅಕ್ಕ ಮತ್ತೆ ಮೈ ಬಿಗಿಹಿಡಿದಳು. ಫಾಲ್ಗುಣ ಮುಗಿಯಿತು. ಡಾಕ್ಟರು ಬಂದು ತೊಡೆಯನ್ನು ಒತ್ತಿ ನೋಡಿ, ಹೊರಗೆ ಬಂದು ಬಾಳುವಿಗೆ ಹೇಳುವುದನ್ನು ಹೇಳಿ ಹೋದರು.

ಟಬ್ಬು ಕೊಳ್ಳಲಿಲ್ಲ. ಅಕ್ಕ ಮತ್ತೆ ನಡೆಯಲಿಲ್ಲ.